ಓಡುವ ಮೊದಲು ನಿಲ್ಲಲು ಕಲಿತ ಕಾರು

ಭಾನುವಾರದ ಬೆಳಗ್ಗೆ ಆರೂವರೆ. ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈ ಕಾರು ಓಟದ ಟ್ರ್ಯಾಕಿನ ಆವರಣ. ಬೆಂಗಳೂರಿನಿಂದ ಹಿಂದಿನ ಸಂಜೆಯೇ ಹೊರಟು ಬಂದ ಕಾರೊಂದು ಬಾಗಿಲು, ಡಿಕ್ಕಿ, ಬಾನೆಟ್ ಎಲ್ಲವನ್ನೂ ತೆರೆದುಕೊಂಡು ನಿಂತಿದೆ. ಮಾಲೀಕರು ಒಳಗಿನ ಸಾಮಾನನ್ನು ಒಂದೊಂದಾಗಿ ಹೊರಗಿಡುತ್ತಿದ್ದಾರೆ. ಸ್ಟೆಪ್ನಿ, ಜಾಕಿ, ಛತ್ರಿ, ನೀರಿನ ಬಾಟಲಿ, ಕಾಲಡಿಯ ಮ್ಯಾಟು, ಮಗುವಿನ ಆಟಿಕೆ, ಕೊನೆಗೆ ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಗಣಪ. ಅದಾದ ಮೇಲೆ ಹೆಡ್‌ಲೈಟಿನ ಗಾಜಿಗೆ ಅಡ್ಡಡ್ಡವಾಗಿ, ಉದ್ದುದ್ದವಾಗಿ ಟೇಪು ಅಂಟಿಸುತ್ತಾರೆ. ಹಬ್ಬದ ದಿನ ವಾಹನಪೂಜೆಗೆ ಅಣಿಮಾಡುವಂಥದೇ ಶ್ರದ್ಧೆ.

‘ಟ್ರ್ಯಾಕ್ ಡೇ’ ಇರುವ ದಿನಗಳಲ್ಲಿ ಅಲ್ಲಿ ಕಾಣುವ ದೃಶ್ಯ ಇದು. ಟ್ರ್ಯಾಕ್ ಡೇ ಎಂದರೆ ಪಂದ್ಯವಲ್ಲ. ಬಹುಮಾನವಿಲ್ಲ, ಬೆಳ್ಳಿಬಟ್ಟಲಿಲ್ಲ. ವಾರವಿಡೀ ಕಚೇರಿಗೆ ಹೋಗಿಬರುವ ಸ್ವಂತ ಕಾರನ್ನು, ಶುಲ್ಕ ಕೊಟ್ಟು, ಓಟಕ್ಕೆಂದೇ ಕಟ್ಟಿದ ಹಾದಿಯಲ್ಲಿ ಮನಸಾರೆ ಓಡಿಸಿ ಮತ್ತೆ ಅದೇ ಕಾರಿನಲ್ಲಿ ಮನೆಗೆ ಮರಳುವುದು. ಇದಕ್ಕೆ ಕಾರನ್ನು ಸಿದ್ಧಪಡಿಸುವುದೆಂದರೆ ಎಂಜಿನ್ನಿನ ಬಲ ಹೆಚ್ಚಿಸುವುದು ಎಂದು ಹೊಸಬರು ಭಾವಿಸುತ್ತಾರೆ. ಅನುಭವಿಗಳನ್ನು ಕೇಳಿ ನೋಡಿ, ಅವರು ಮೊದಲು ಹೇಳುವ ಮಾತೇ ಬೇರೆ: ಬ್ರೇಕು ನೋಡಿಸಿ, ಟೈರು ನೋಡಿಸಿ, ಎಂಜಿನ್ನಿನ ಮಾತು ಆಮೇಲೆ.

ಈ ಮಾತಿನ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಟ್ರ್ಯಾಕಿಗೆ ಇಳಿಯುವ ಮುನ್ನ ಮಾಡಬೇಕಾದ ಕೆಲಸಗಳ ಪಟ್ಟಿಯ ಬಹುಪಾಲು ಸಾಲುಗಳ ಹಿಂದೆ ಎಲ್ಲೋ ಯಾರಿಗೋ ಒದಗಿದ ಅನಾಹುತದ ಪಾಠ ಅಡಗಿದೆ.

ರಸ್ತೆಯಿಂದ ಹೊರಬಿದ್ದ ವೇಗ

ಕಾರು ಹುಟ್ಟಿದ ಹೊಸತರಲ್ಲಿ ಓಟಕ್ಕೆ ಪ್ರತ್ಯೇಕ ಜಾಗವಿರಲಿಲ್ಲ. ಫ್ರಾನ್ಸಿನಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ, ಜನ ದನ ಓಡಾಡುವ ರಸ್ತೆಯಲ್ಲೇ ಪಂದ್ಯ ನಡೆಯುತ್ತಿತ್ತು. 1903ರ ಮೇ 24ರಂದು ಆರಂಭವಾದ ಪ್ಯಾರಿಸ್–ಮ್ಯಾಡ್ರಿಡ್ ಪಂದ್ಯ ಈ ಪದ್ಧತಿಗೆ ಮಂಗಳ ಹಾಡಿತು. ಕಾರುಗಳು ಎಬ್ಬಿಸಿದ ದೂಳಿನಲ್ಲಿ ಮುಂದಿನ ದಾರಿಯೇ ಕಾಣದು. ಕುತೂಹಲದಿಂದ ರಸ್ತೆಯ ಅಂಚಿಗೇ ಬಂದು ನಿಂತ ಜನಕ್ಕೆ ಆ ವೇಗದ ಅಂದಾಜಿಲ್ಲ. ಚಾಲಕರು, ಪ್ರೇಕ್ಷಕರು ಎನ್ನದೆ ಹಲವರು ಸತ್ತರು. ರೆನೋ ಕಂಪನಿಯ ಸ್ಥಾಪಕ ಸೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಕೂಡ ಈ ಪಂದ್ಯದಲ್ಲಿಯೇ ಪ್ರಾಣ ಕಳೆದುಕೊಂಡ. ಸರ್ಕಾರ ಪಂದ್ಯವನ್ನು ಬೋರ್ಡೋ ನಗರದಲ್ಲೇ ತಡೆಯಿತು. ಎಂಜಿನ್ ಚಾಲೂ ಮಾಡಲೂ ಬಿಡದೆ ಕಾರುಗಳನ್ನು ಕುದುರೆಗಳಿಂದ ರೈಲು ನಿಲ್ದಾಣಕ್ಕೆ ಎಳೆಸಿ ಪ್ಯಾರಿಸ್ಸಿಗೆ ಸಾಗಿಸಲಾಯಿತು.

ಬ್ರಿಟನ್ನಿನಲ್ಲಂತೂ ರಸ್ತೆ ಪಂದ್ಯಕ್ಕೆ ಅವಕಾಶವೇ ಇರಲಿಲ್ಲ. 1903ರ ಕಾಯ್ದೆ ಅಲ್ಲಿನ ವೇಗದ ಮಿತಿಯನ್ನು ಗಂಟೆಗೆ 20 ಮೈಲಿಗೆ, ಅಂದರೆ ಸುಮಾರು 32 ಕಿ.ಮೀ.ಗೆ ನಿಗದಿಪಡಿಸಿತ್ತು. ಹೊಸ ಕಾರು ಎಷ್ಟು ಓಡೀತು, ಎಷ್ಟು ಹೊತ್ತು ತಾಳೀತು ಎಂದು ಪರೀಕ್ಷಿಸುವುದಾದರೂ ಎಲ್ಲಿ? ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರ ಲಂಡನ್ನಿನ ಸಮೀಪದ ವೇಬ್ರಿಜ್‌ನ ತನ್ನ ಜಮೀನಿನಲ್ಲಿ ಸ್ವಂತ ಹಣದಿಂದ ಕಾಂಕ್ರೀಟಿನ ಓಟದ ಹಾದಿ ಕಟ್ಟಿಸಿದ. ಅದೇ 1907ರ ಜೂನ್ 17ರಂದು ಆರಂಭವಾದ ಬ್ರೂಕ್‌ಲ್ಯಾಂಡ್ಸ್. ಸುಮಾರು ನಾಲ್ಕೂವರೆ ಕಿ.ಮೀ. ಸುತ್ತಳತೆ. ವೇಗದಲ್ಲಿ ತಿರುಗುವ ಕಾರು ಹೊರಕ್ಕೆ ಸಿಡಿಯದಂತೆ ತಿರುವಿನಲ್ಲಿ ಬಾಣಲೆಯ ಅಂಚಿನ ಹಾಗೆ ಮೇಲೆದ್ದ ಇಳಿಜಾರು.

ಆರಂಭವಾಗಿ ಹನ್ನೆರಡು ದಿನ ಕಳೆಯುವುದರೊಳಗೆ ಸೆಲ್ವಿನ್ ಎಡ್ಜ್ ಎಂಬಾತ ನೇಪಿಯರ್ ಕಾರಿನಲ್ಲಿ ಒಬ್ಬನೇ ಕೂತು 24 ಗಂಟೆ ಓಡಿಸಿದ. ರಾತ್ರಿಯ ದಾರಿಗೆ ಲಾಂದ್ರಗಳ ಸಾಲು. ಕ್ರಮಿಸಿದ ದೂರ 1,581 ಮೈಲಿ, ಎಂದರೆ 2,500 ಕಿ.ಮೀ.ಗೂ ಹೆಚ್ಚು! ಹೊರಗಿನ ರಸ್ತೆಯಲ್ಲಿ 20 ಮೈಲಿಯ ಮಿತಿಯಿದ್ದ ಕಾಲದಲ್ಲಿ ಆತನ ಸರಾಸರಿ ವೇಗ ಗಂಟೆಗೆ ಸುಮಾರು 66 ಮೈಲಿ.

ಕಾರು ಓಟಕ್ಕೆ ಆಗ ತನ್ನದೇ ಆದ ರೀತಿನೀತಿಗಳಿರಲಿಲ್ಲ. ಹಾಗಾಗಿ ಬ್ರೂಕ್‌ಲ್ಯಾಂಡ್ಸ್ ಅವನ್ನು ಕುದುರೆ ಜೂಜಿನಿಂದ ಎರವಲು ಪಡೆಯಿತು. ಮೊದಮೊದಲು ಚಾಲಕರು ಜಾಕಿಗಳಂತೆ ಬಣ್ಣಬಣ್ಣದ ರೇಷ್ಮೆ ಅಂಗಿ ತೊಡುತ್ತಿದ್ದರು. ಕಾರುಗಳನ್ನು ಸಿದ್ಧಪಡಿಸುವ ಆವರಣಕ್ಕೆ ‘ಪ್ಯಾಡಕ್’ ಎಂಬ ಹೆಸರು ಬಂದದ್ದೂ ಹೀಗೆಯೇ. ಕುದುರೆಗಳನ್ನು ಬಿಡುವ ಬೇಲಿಯೊಳಗಿನ ಜಾಗಕ್ಕಿದ್ದ ಹೆಸರು ಅದು. ಇರುಂಗಾಟ್ಟುಕೋಟ್ಟೈನಲ್ಲಿ ಸ್ಟೆಪ್ನಿ ಇಳಿಸಿಡುವ ಜಾಗವನ್ನೂ ಇಂದಿಗೂ ಪ್ಯಾಡಕ್ ಎಂದೇ ಕರೆಯುತ್ತಾರೆ.

ಪಂದ್ಯವಿಲ್ಲದ ದಿನ ಶುಲ್ಕ ತೆತ್ತು ತಮ್ಮ ಕಾರನ್ನು ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಓಡಿಸಲು ಸಾಮಾನ್ಯರಿಗೂ ಅವಕಾಶವಿತ್ತು. ಟ್ರ್ಯಾಕ್ ಡೇ ಎಂಬ ಹೆಸರು ಬರುವ ಎಷ್ಟೋ ಮುಂಚೆಯೇ ಅದರ ಬೀಜ ಅಲ್ಲಿ ಬಿದ್ದಿತ್ತು. ಸೈಲೆನ್ಸರ್ ನಿಯಮವೂ ಅಲ್ಲಿಯದೇ. ಎಂಜಿನ್ನಿನ ಅಬ್ಬರಕ್ಕೆ ಬೇಸತ್ತ ಸುತ್ತಲಿನ ನಿವಾಸಿಗಳು ತಕರಾರು ತೆಗೆದಾಗ, 1920ರ ದಶಕದಲ್ಲಿ, ಎಲ್ಲ ಕಾರುಗಳಿಗೂ ದೊಡ್ಡ ಸೈಲೆನ್ಸರ್ ಕಡ್ಡಾಯವಾಯಿತು. ರಾತ್ರಿಯ ಓಟಕ್ಕೂ ಅಡ್ಡಿಯಿತ್ತು. ಆದ್ದರಿಂದ 1929ರಲ್ಲಿ 24 ಗಂಟೆಯ ಪಂದ್ಯವನ್ನು ದಿನಕ್ಕೆ ಹನ್ನೆರಡು ಗಂಟೆಯಂತೆ ಎರಡು ದಿನ ನಡೆಸಿದರು. ನಡುವಿನ ರಾತ್ರಿ ಕಾರುಗಳಿಗೆ ಬೀಗದ ಬಂದೋಬಸ್ತು!

ತೆಂಗಿನ ನಾರಿನ ಪಾಠ

ರಸ್ತೆಯ ಕಾರನ್ನೇ ಪರೀಕ್ಷೆಗೆ ಒಡ್ಡಬೇಕೆಂಬ ಉದ್ದೇಶದಿಂದ ಫ್ರಾನ್ಸಿನ ಲ ಮಾನ್ಸ್‌ನಲ್ಲಿ 1923ರ ಮೇ ತಿಂಗಳಲ್ಲಿ 24 ಗಂಟೆಯ ಪಂದ್ಯ ಆರಂಭವಾಯಿತು. ಅಂಗಡಿಯಲ್ಲಿ ಮಾರುವಂಥ ಕಾರೇ ಬರಬೇಕು. ಮಡ್‌ಗಾರ್ಡ್, ದೀಪ, ಹಾರ್ನು ಎಲ್ಲವೂ ಇರಬೇಕು. ಮರುವರ್ಷ ಇನ್ನೊಂದು ಷರತ್ತು ಸೇರಿತು. ಓಟದ ನಡುವೆ ಕಾರು ನಿಲ್ಲಿಸಿ ಅದರ ಕ್ಯಾನ್ವಾಸ್ ಹುಡ್ಡನ್ನು ಏರಿಸಿ ಕಟ್ಟಬೇಕು, ಹಾಗೆಯೇ ಕೆಲವು ಸುತ್ತು ಓಡಿಸಬೇಕು. ಮಳೆ ಬಂದಾಗ ಗಿರಾಕಿಯ ತಲೆ ಕಾಯದ ಹುಡ್ಡು ಇದ್ದರೇನು, ಬಿಟ್ಟರೇನು ಎಂಬುದು ಸಂಘಟಕರ ತರ್ಕ.

ಮೊದಲ ವರ್ಷ ಜಾನ್ ಡಫ್ ಎಂಬ ಕೆನಡಾ ಮೂಲದ ಚಾಲಕ ತನ್ನ 3 ಲೀಟರ್ ಬೆಂಟ್ಲಿ ಕಾರನ್ನು ತಂದಿದ್ದ. ಜತೆಗಾರ ಫ್ರಾಂಕ್ ಕ್ಲೆಮೆಂಟ್. ಆ ಕಾರಿಗೆ ಹಿಂದಿನ ಗಾಲಿಗಳಿಗಷ್ಟೇ ಬ್ರೇಕು! ರಸ್ತೆಯ ಕಲ್ಲು ಸಿಡಿದು ಹೆಡ್‌ಲೈಟ್ ಒಡೆಯಿತು. ಆಮೇಲೆ ಇನ್ನೊಂದು ಕಲ್ಲು ಪೆಟ್ರೋಲ್ ಟ್ಯಾಂಕನ್ನು ತೂತು ಮಾಡಿತು. ಇಂಧನವೆಲ್ಲ ಸೋರಿ ಕಾರು ದೂರದಲ್ಲೆಲ್ಲೋ ನಿಂತಿತು. ಡಫ್ ಓಡೋಡಿ ಬಂದು ಸುದ್ದಿ ಮುಟ್ಟಿಸಿದ. ಕ್ಲೆಮೆಂಟ್ ಸೈಕಲ್ಲೊಂದನ್ನು ಹತ್ತಿ ಪೆಟ್ರೋಲ್ ಡಬ್ಬಿಗಳೊಂದಿಗೆ ಕಾರಿದ್ದಲ್ಲಿಗೆ ಹೋದ. ತೂತಿಗೆ ಬಿರಡೆ ಬಡಿದು ಕಾರನ್ನು ಮತ್ತೆ ಓಡಿಸಿದ. ಇಷ್ಟೆಲ್ಲ ಆದರೂ ಬೆಂಟ್ಲಿ ನಾಲ್ಕನೇ ಸ್ಥಾನ ಪಡೆಯಿತು. ಆ ವರ್ಷದ ಅತಿ ವೇಗದ ಸುತ್ತೂ ಕ್ಲೆಮೆಂಟನದೇ.

1924ರಲ್ಲಿ ಇಬ್ಬರೂ ಮತ್ತೆ ಬಂದರು. ಈ ಬಾರಿ ಮಾಡಿಕೊಂಡ ತಯಾರಿ ಗಮನಿಸಿ. ನಾಲ್ಕೂ ಗಾಲಿಗಳಿಗೆ ಬ್ರೇಕು, ಹೆಡ್‌ಲೈಟಿಗೆ ತಂತಿಯ ಜಾಲರಿ, ಪೆಟ್ರೋಲ್ ಟ್ಯಾಂಕಿಗೆ ತೆಂಗಿನ ನಾರಿನ ಚಾಪೆಯ ಹೊದಿಕೆ. ನಮ್ಮ ಕರಾವಳಿಯಲ್ಲಿ ಹಗ್ಗ ಹೊಸೆಯುವ, ತಿಪಟೂರಿನ ಕಡೆ ಗುಡ್ಡೆ ಬಿದ್ದಿರುವ ನಾರಿನಂಥದೇ ನಾರು ಲ ಮಾನ್ಸ್‌ನ ಕಾರಿಗೆ ಕವಚವಾಗಿತ್ತು! ಬೆಂಟ್ಲಿ ಗೆದ್ದಿತು. ಹಿಂದಿನ ವರ್ಷ ಎಲ್ಲಿ ಪೆಟ್ಟು ಬಿದ್ದಿತ್ತೋ ಅಲ್ಲಲ್ಲೇ ರಕ್ಷಣೆ ಕಟ್ಟಿಕೊಂಡದ್ದು ಆ ಗೆಲುವಿನ ದೊಡ್ಡ ಗುಟ್ಟು. ಇಂದು ಹೆಡ್‌ಲೈಟಿಗೆ ಅಂಟಿಸುವ ಟೇಪು ಆ ಜಾಲರಿಯ ದೂರದ ಸಂಬಂಧಿ. ಗಾಜು ಒಡೆದರೂ ಚೂರು ಹಾದಿಗೆ ಬಿದ್ದು ಹಿಂದಿನವರ ಟೈರಿಗೆ ಚುಚ್ಚಬಾರದು ಎಂಬುದು ಅದರ ಉದ್ದೇಶ.

ಸುಂಕ ಕೊಟ್ಟು ಓಡಿಸುವ ಹಾದಿ

ಸಾಮಾನ್ಯ ಕಾರು, ಸಾಮಾನ್ಯ ಚಾಲಕ, ಅಸಾಮಾನ್ಯ ಹಾದಿ: ಈ ಮೂರೂ ಕೂಡಿದ್ದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ. ಐಫೆಲ್ ಬೆಟ್ಟಸೀಮೆ ಆಗ ಬಡತನದ ನಾಡು. ನಿರುದ್ಯೋಗಿಗಳಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ 1925ರಲ್ಲಿ ಕೆಲಸ ಶುರುವಾಗಿ 1927ರ ಜೂನ್‌ನಲ್ಲಿ ಹಾದಿ ತೆರೆಯಿತು. ಒಟ್ಟು ಉದ್ದ 28 ಕಿ.ಮೀ.ಗೂ ಹೆಚ್ಚು. ಕಾಡು, ಕಣಿವೆ, ಏರು, ಇಳಿಜಾರುಗಳ ನಡುವೆ ನಮ್ಮ ಚಾರ್ಮಾಡಿ ಘಾಟಿಯಂತೆ ಸುತ್ತುವ ದಾರಿ. ಪಂದ್ಯವಿಲ್ಲದಾಗ ಯಾರು ಬೇಕಾದರೂ ಸುಂಕ ಕೊಟ್ಟು ತಮ್ಮ ಕಾರನ್ನೋ ಬೈಕನ್ನೋ ಓಡಿಸಬಹುದೆಂಬ ವ್ಯವಸ್ಥೆ ಆರಂಭದಿಂದಲೇ ಇದೆ. 1976ರಲ್ಲಿ ನಿಕಿ ಲೌಡಾ ಬೆಂಕಿಯಲ್ಲಿ ಬೆಂದು ಬದುಕಿದ ಮೇಲೆ ಫಾರ್ಮುಲಾ ಒನ್ ಈ ಹಳೆಯ ಹಾದಿಯನ್ನು ಬಿಟ್ಟಿತು. ಸಾಮಾನ್ಯರು ಬಿಡಲಿಲ್ಲ. ಈಗ 20.8 ಕಿ.ಮೀ. ಇರುವ ಅದರ ಉತ್ತರ ಭಾಗದಲ್ಲಿ ಇಂದಿಗೂ ಸಂಸಾರ ಹೂಡಿದವರ ಕಾರುಗಳು ಸುತ್ತುತ್ತವೆ.

ಸ್ವಾರಸ್ಯವೆಂದರೆ ಆ ದಿನಗಳಲ್ಲಿ ಕಾನೂನಿನ ಪ್ರಕಾರ ಅದು ಟ್ರ್ಯಾಕ್ ಅಲ್ಲ, ಏಕಮುಖ ಸಂಚಾರದ ಸುಂಕದ ರಸ್ತೆ. ಜರ್ಮನಿಯ ಸಂಚಾರ ನಿಯಮಗಳು ಅಲ್ಲಿಯೂ ಅನ್ವಯ. ಬಲಗಡೆಯಿಂದ ಯಾರನ್ನೂ ಹಿಂದಿಕ್ಕುವಂತಿಲ್ಲ, ಗಡಿಯಾರ ಹಿಡಿದು ಸಮಯ ಅಳೆಯುವಂತಿಲ್ಲ. ಸಮಯ ಅಳೆದರೆ ಪೈಪೋಟಿ ಹುಟ್ಟುತ್ತದೆ, ಪೈಪೋಟಿ ಹುಟ್ಟಿದರೆ ವಿವೇಕ ಸಾಯುತ್ತದೆ.

ಶಾಖದ ಲೆಕ್ಕ

ಇನ್ನು ಪಟ್ಟಿಯ ಮೊದಲ ಸಾಲಿಗೆ, ಬ್ರೇಕಿಗೆ ಬರೋಣ. ಕಾರು ನಿಲ್ಲುವುದೆಂದರೆ ಅದರ ಚಲನೆಯ ಶಕ್ತಿ ಶಾಖವಾಗಿ ಮಾರ್ಪಡುವುದು. ವೇಗ ಎರಡು ಪಟ್ಟಾದರೆ ಈ ಶಕ್ತಿ ನಾಲ್ಕು ಪಟ್ಟಾಗುತ್ತದೆ. 1,200 ಕಿಲೋ ತೂಗುವ ಕಾರು ಗಂಟೆಗೆ 144 ಕಿ.ಮೀ. ವೇಗದಿಂದ ನಿಂತಿತೆನ್ನಿ. ಆಗ ಹುಟ್ಟುವ ಶಾಖ ಮೂರು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ನಮ್ಮ ಅಡುಗೆಮನೆಯ ಒಲೆ ಹಲವು ನಿಮಿಷ ಮಾಡುವ ಕೆಲಸವನ್ನು ಬ್ರೇಕು ಕೆಲವೇ ಸೆಕೆಂಡುಗಳಲ್ಲಿ ಮಾಡಬೇಕು. ಟ್ರ್ಯಾಕಿನಲ್ಲಿ ಒಂದು ನಿಮಿಷ ಬಿಟ್ಟು ಮತ್ತೆ ಅದೇ ಕೆಲಸ, ಆರುವುದಕ್ಕೆ ಬಿಡುವೇ ಇಲ್ಲ.

ಹಳೆಯ ಡ್ರಮ್ ಬ್ರೇಕಿಗೆ ಇದು ನುಂಗಲಾರದ ತುತ್ತು. ಬಿಸಿಯಾದ ಡ್ರಮ್ ಹಿಗ್ಗಿ ಒಳಗಿನ ಪಟ್ಟಿಯಿಂದ ದೂರ ಸರಿಯುತ್ತದೆ, ಪಟ್ಟಿಯ ಹಿಡಿತವೂ ಕುಗ್ಗುತ್ತದೆ. ಪರಿಹಾರವನ್ನು ಜಗತ್ತಿಗೆ ಸಾರಿ ತೋರಿಸಿದ್ದು ಮತ್ತೆ ಲ ಮಾನ್ಸ್. 1953ರಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿದ ಜಾಗ್ವಾರ್ ಸಿ-ಟೈಪ್ ಕಾರಿಗೆ ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕುಗಳಿದ್ದವು. ಗಾಳಿಗೆ ಮೈಯೊಡ್ಡಿ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಏರ್ಪಾಡು ಅದು. ಶಾಖ ಬೇಗ ಹಾರಿಹೋಗುತ್ತದೆ. ಎದುರಾಳಿಗಳು ಬ್ರೇಕು ಒತ್ತಿದ ಮೇಲೂ ಜಾಗ್ವಾರ್ ಇನ್ನಷ್ಟು ದೂರ ಅದೇ ವೇಗದಲ್ಲಿ ಸಾಗಿ ಆಮೇಲೆ ನಿಧಾನಿಸಬಹುದಿತ್ತು. ಆ ವರ್ಷ ಗೆದ್ದ ಕಾರಿನ ಸರಾಸರಿ ವೇಗ ಮೊದಲ ಬಾರಿಗೆ ಗಂಟೆಗೆ 100 ಮೈಲಿ ದಾಟಿತು. ಅಂದರೆ ಚೆನ್ನಾಗಿ ನಿಲ್ಲಬಲ್ಲ ಕಾರೇ ವೇಗವಾಗಿ ಓಡಿತು! ಎರಡೇ ವರ್ಷದಲ್ಲಿ, 1955ರಲ್ಲಿ, ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಕಾರು ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕಿನೊಂದಿಗೆ ಗಿರಾಕಿಗಳ ಮನೆಗೆ ಬಂತು. ಇಂದು ನಮ್ಮ ಬೀದಿಯ ಸಣ್ಣ ಕಾರಿನಲ್ಲಿ, ಬೈಕಿನಲ್ಲಿ ಕೂಡ ಅದಿದೆ.

ತಟ್ಟೆ ಗಟ್ಟಿಯಿದ್ದರೆ ಸಾಲದು. ಕಾಲಿನ ಒತ್ತಡವನ್ನು ಗಾಲಿಗೆ ಮುಟ್ಟಿಸುವುದು ಬ್ರೇಕ್ ಆಯಿಲ್. ಅದಕ್ಕೊಂದು ದುರ್ಗುಣವಿದೆ: ತೆರೆದಿಟ್ಟ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ‘ಡಾಟ್ 4’ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲು ಒತ್ತಿದರೆ ಕಾಲು ನೆಲಕ್ಕೆ ತಾಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಕೆಲವು ನೂರು ರೂಪಾಯಿಯ ಹೊಸ ಬ್ರೇಕ್ ಆಯಿಲ್ ಲಕ್ಷ ರೂಪಾಯಿಯ ಎಂಜಿನ್ ಬದಲಾವಣೆಗಿಂತ ಮಿಗಿಲು ಎಂದು ತಿಳಿದವರು ಹೇಳುವುದು ಇದಕ್ಕೇ.

ಉಳಿದ ಸಾಲುಗಳೂ ಹೀಗೆಯೇ. ಓಡುತ್ತ ಟೈರು ಬಿಸಿಯಾಗಿ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಆದ್ದರಿಂದ ಪ್ರತಿ ಸರದಿಯ ನಂತರ ಅಳೆದು ಸರಿಪಡಿಸಬೇಕು, ಮನೆಗೆ ಹೊರಡುವ ಮುನ್ನ ಮರೆಯದೆ ಮತ್ತೆ ತುಂಬಿಸಬೇಕು. ಉದ್ದನೆಯ ತಿರುವಿನಲ್ಲಿ ಎಂಜಿನ್ ಆಯಿಲ್ ಒಂದು ಬದಿಗೆ ಸರಿದು ಪಂಪು ಬರೀ ಗಾಳಿ ಎಳೆದೀತು, ಆದ್ದರಿಂದ ಮಟ್ಟ ಕಡಿಮೆಯಿರಬಾರದು. ಗಾಲಿಯ ನಟ್ಟುಗಳನ್ನು ಮತ್ತೆ ಮತ್ತೆ ಬಿಗಿ ನೋಡಬೇಕು. ಸಡಿಲ ಸಾಮಾನು ಒಳಗಿರಬಾರದು. ಜೋರಾಗಿ ಬ್ರೇಕು ಹಾಕಿದಾಗ ಮುಂದಕ್ಕೆ ಉರುಳಿದ ನೀರಿನ ಬಾಟಲಿ ಪೆಡಲಿನ ಅಡಿಗೆ ಸಿಕ್ಕಿಕೊಂಡರೆ ಏನಾದೀತು, ಊಹಿಸಿ. ಕೊನೆಯ ಸುತ್ತು ನಿಧಾನವಾಗಿರಬೇಕು. ಕಾರು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಏಕೆಂದರೆ ಕಾದ ಬ್ರೇಕು ಅಲ್ಲೇ ಕಚ್ಚಿಕೊಳ್ಳಬಹುದು. ಗಾಲಿಗೊಂದು ಕಲ್ಲು ಕೊಟ್ಟರಾಯಿತು.

ಕಳೆದಷ್ಟೂ ಲಾಭ

ಬ್ರೇಕಿನ ಹೊರೆ ಇಳಿಸಲು ಇನ್ನೊಂದು ದಾರಿ ಕಾರಿನ ತೂಕವನ್ನೇ ಇಳಿಸುವುದು. 1957ರಲ್ಲಿ ಬಂದ ಬ್ರಿಟನ್ನಿನ ಲೋಟಸ್ ಸೆವೆನ್ ಈ ತತ್ತ್ವದ ಮೂರ್ತರೂಪ. ಬಾಗಿಲಿಲ್ಲ, ಸೊಗಸಿಲ್ಲ. ಸಿದ್ಧ ಕಾರಿನ ಮೇಲಿನ ತೆರಿಗೆ ತಪ್ಪಿಸಿಕೊಳ್ಳಲು ಜನ ಬಿಡಿ ಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಅದರಲ್ಲೇ ಟ್ರ್ಯಾಕಿಗೆ ಹೋಗಿ, ಓಡಿಸಿ, ಅದರಲ್ಲೇ ಮರಳುತ್ತಿದ್ದರು.

1972ರ ಪ್ಯಾರಿಸ್ ಪ್ರದರ್ಶನದಲ್ಲಿ ಪೋರ್ಷೆ ಕಂಪನಿ 911 ಕರೆರಾ ಆರ್‌ಎಸ್ ಕಾರನ್ನು ಮುಂದಿಟ್ಟಿತು. ಪಂದ್ಯಕ್ಕೆ ಅರ್ಹತೆ ಪಡೆಯಲು 500 ಕಾರು ಮಾರಿದರೆ ಸಾಕಿತ್ತು, ಒಟ್ಟು ಮಾರಾಟವಾದದ್ದು 1,500ಕ್ಕೂ ಹೆಚ್ಚು. ಅದರ ಹಗುರ ಮಾದರಿಯಲ್ಲಿ ತೆಳು ತಗಡು, ತೆಳು ಗಾಜು ಬಳಸಿದ್ದರು. ಹಿಂದಿನ ಸೀಟು ತೆಗೆದಿದ್ದರು. ಗಡಿಯಾರವನ್ನೂ ಉಳಿಸಲಿಲ್ಲ! ತೂಕ ಒಂದು ಟನ್ನಿಗಿಂತ ಕಡಿಮೆ. ಹವ್ಯಾಸಿಗಳು ತಮ್ಮ ಶೆಡ್ಡಿನಲ್ಲಿ ಮಾಡುತ್ತಿದ್ದುದನ್ನು ಕಾರ್ಖಾನೆಯೇ ಮಾಡಿಕೊಟ್ಟಿತ್ತು.

ವಿಮಾನ ಇಳಿದ ಜಾಗದಲ್ಲಿ

ಎರಡನೇ ಮಹಾಯುದ್ಧ ಮುಗಿದಾಗ ಜಗತ್ತಿನ ಹಲವೆಡೆ ಯುದ್ಧಕಾಲದ ವಿಮಾನದಾಣಗಳು ಪಾಳುಬಿದ್ದವು. ಉದ್ದನೆಯ ಗಟ್ಟಿ ನೆಲ, ಸುತ್ತ ಮರವಿಲ್ಲ, ಮನೆಯಿಲ್ಲ. ಕಾರು ಓಟಕ್ಕೆ ಇನ್ನೇನು ಬೇಕು? ಬ್ರಿಟನ್ನಿನಲ್ಲಿ 1948ರಲ್ಲಿ ಸಿಲ್ವರ್‌ಸ್ಟೋನ್, ಅಮೆರಿಕದಲ್ಲಿ 1950ರಲ್ಲಿ ಸೆಬ್ರಿಂಗ್ ಹೀಗೆ ಓಟದ ಕಣಗಳಾದವು. ನಮ್ಮಲ್ಲಿ ಆ ಭಾಗ್ಯ ಮದರಾಸಿನ ಉತ್ತರಕ್ಕಿರುವ ಶೋಳವರಂಗೆ ಬಂತು. 1953ರಲ್ಲಿ ಆರಂಭವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿನ ಹಳೆಯ ರನ್‌ವೇ ಮೇಲೆ ಪಂದ್ಯ ನಡೆಸಿತು. ದಕ್ಷಿಣದ ಕಾರುಪ್ರಿಯರಿಗೆ ಶೋಳವರಂ ಯಾತ್ರಾಸ್ಥಳವೇ ಆಯಿತು.

ಆ ಕಾಲದಲ್ಲಿ ನಮಗಿದ್ದ ಆಯ್ಕೆಯಾದರೂ ಎಷ್ಟು? ಫಿಯೆಟ್, ಅಂಬಾಸಡರ್, ಸ್ಟ್ಯಾಂಡರ್ಡ್ ಹೆರಾಲ್ಡ್. ವಿದೇಶಿ ಬಿಡಿಭಾಗ ಗಗನಕುಸುಮ. ಇದ್ದುದರಲ್ಲೇ ಗ್ಯಾರೇಜಿನ ಮೆಕ್ಯಾನಿಕ್‌ಗಳು ಕೈಚಳಕ ತೋರಿದರು. ಸಿಲಿಂಡರ್ ಹೆಡ್ಡನ್ನು ತೆಳುವಾಗಿ ಉಜ್ಜಿ ಒಳಗಿನ ಒತ್ತಡ ಹೆಚ್ಚಿಸಿದರು, ಇನ್ನೊಂದು ಕಾರ್ಬುರೇಟರ್ ಕೂರಿಸಿದರು, ಹಿಂದಿನ ಸೀಟು ಬಿಚ್ಚಿಟ್ಟರು. ಈ ಸಾಲಿಗೆ ಬೆಂಗಳೂರೂ ಒಂದು ಕಾರನ್ನು ಸೇರಿಸಿತು. 1982ರಲ್ಲಿ ಸಿಪಾನಿ ಸಂಸ್ಥೆ ತಂದ ಡಾಲ್ಫಿನ್, ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಭಾರತೀಯ ಅವತಾರ. ಫೈಬರ್ ಗಾಜಿನ ಮೈ, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್, ಎರಡೇ ಬಾಗಿಲು. ಮಾರುಕಟ್ಟೆಯಲ್ಲಿ ಅದು ಬಹುಕಾಲ ಬಾಳಲಿಲ್ಲ. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಎದುರು ನಿಲ್ಲುವುದು ಅದರಿಂದಾಗಲಿಲ್ಲ. ಆದರೆ ಹಗುರ ಮೈಯ ಈ ಪುಟ್ಟ ಕಾರು ಪಂದ್ಯ, ರ‍್ಯಾಲಿಗಳ ಹುಚ್ಚಿನವರ ಕಣ್ಣಿಗೆ ಬಿತ್ತು. ಮನೆಮಂದಿಗೆ ಒಗ್ಗದ ಗುಣವೇ ಟ್ರ್ಯಾಕಿನಲ್ಲಿ ಗುಣವಾಯಿತು.

1990ರಲ್ಲಿ ಕ್ಲಬ್ಬು ಇರುಂಗಾಟ್ಟುಕೋಟ್ಟೈನಲ್ಲಿ 3.7 ಕಿ.ಮೀ.ನ ಸ್ವಂತ ಟ್ರ್ಯಾಕ್ ತೆರೆಯಿತು. ಭಾರತದ ಹುಡುಗರಿಗೆ ಕೈಗೆಟುಕುವ ರೇಸ್ ಕಾರುಗಳನ್ನು ಕಟ್ಟಿಕೊಟ್ಟ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ 2003ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾಯಿತು. ದೆಹಲಿ ಸಮೀಪದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ಬಂದದ್ದು 2011ರಲ್ಲಿ. ಬೆಂಗಳೂರಿನವರು ಟ್ರ್ಯಾಕಿನ ಆಸೆಗೆ ಸಾಮಾನ್ಯವಾಗಿ ಚೆನ್ನೈ ಅಥವಾ ಕೊಯಮತ್ತೂರಿನ ದಾರಿ ಹಿಡಿಯುತ್ತಾರೆ.

ಮನೆಗೆ ಮರಳಬೇಕಾದ ಕಾರು

ಆದರೆ ಎಲ್ಲರೂ ಅಷ್ಟು ದೂರ ಹೋಗುವುದಿಲ್ಲ. ನಡುರಾತ್ರಿಯ ವರ್ತುಲ ರಸ್ತೆಯನ್ನೋ, ಬೆಳಗಿನ ಜಾವದ ಹೆದ್ದಾರಿಯನ್ನೋ ಟ್ರ್ಯಾಕ್ ಮಾಡಿಕೊಳ್ಳುವವರೂ ಇದ್ದಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಹತ್ತು ಸಾವುಗಳಲ್ಲಿ ಏಳಕ್ಕೆ ಮಿತಿಮೀರಿದ ವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ಒಪ್ಪಿಗೆಯಿಲ್ಲದೆ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ತಯಾರಕರು ನೀಡಿದ ವಿವರಕ್ಕೆ ವಿರುದ್ಧವಾಗಿ ಕಾರನ್ನು ಮನಬಂದಂತೆ ಬದಲಿಸುವುದಕ್ಕೂ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಸಾಮಾನ್ಯ ವಿಮೆ ರೇಸಿನ ಹಾನಿಯನ್ನು ತುಂಬಿಕೊಡುವುದಿಲ್ಲ ಎಂಬುದೂ ನೆನಪಿರಲಿ.

ಹಾಗೆ ನೋಡಿದರೆ 1903ರ ಫ್ರಾನ್ಸ್ ಎದುರಿಸಿದ ಪ್ರಶ್ನೆಯನ್ನೇ ನಾವು ಇಂದು ಎದುರಿಸುತ್ತಿದ್ದೇವೆ. ವೇಗದ ಆಸೆಯನ್ನು ಕಾನೂನು ಕೊಲ್ಲಲಾರದು. ಅದಕ್ಕೊಂದು ಜಾಗ ತೋರಿಸಬಹುದು, ಕಟ್ಟುಪಾಡು ವಿಧಿಸಬಹುದು. ಎದುರಿಂದ ವಾಹನ ಬಾರದ, ಶಾಲೆ ಮಕ್ಕಳು ದಾಟದ, ತಪ್ಪಿದರೆ ಜಾರಿಹೋಗಿ ನಿಲ್ಲಲು ಬಯಲಿರುವ, ಬದಿಯಲ್ಲಿ ಆಂಬುಲೆನ್ಸ್ ಕಾದಿರುವ ಜಾಗ. ಟ್ರ್ಯಾಕ್ ಎಂದರೆ ಇಷ್ಟೇ. ಅಲ್ಲಿಯೂ ಅಪಾಯವಿದೆ. ಆದರೆ ಅದು ತಿಳಿದು ಒಪ್ಪಿಕೊಂಡವರ ಅಪಾಯ, ದಾರಿಹೋಕರ ತಲೆಗೆ ಕಟ್ಟುವ ಅಪಾಯವಲ್ಲ.

ಸಂಜೆ ಐದರ ಹೊತ್ತಿಗೆ ಪ್ಯಾಡಕ್ ಖಾಲಿಯಾಗುತ್ತದೆ. ಹೆಡ್‌ಲೈಟಿನ ಟೇಪು ಕಿತ್ತು, ಟೈರಿಗೆ ಗಾಳಿ ತುಂಬಿಸಿ, ಸ್ಟೆಪ್ನಿ, ಜಾಕಿಗಳನ್ನು ಡಿಕ್ಕಿಗೆ ಹಾಕುತ್ತಾರೆ. ಗಣಪ ಮತ್ತೆ ಡ್ಯಾಶ್‌ಬೋರ್ಡ್ ಏರುತ್ತಾನೆ. ಟ್ರ್ಯಾಕಿನಲ್ಲಿ ಮಿಂಚಿನಂತೆ ಸುಳಿದ ಕಾರು ಬೆಂಗಳೂರಿನ ಹೆದ್ದಾರಿಗೆ ಸೇರಿ ಲಾರಿಗಳ ಹಿಂದೆ ಸಾವಧಾನವಾಗಿ ಸಾಗುತ್ತದೆ. ಎಷ್ಟು ವೇಗವಾಗಿ ಓಡಬಲ್ಲದೆಂದು ಅದಕ್ಕೆ ಗೊತ್ತು. ನಿಲ್ಲಲು ಎಷ್ಟು ದೂರ ಬೇಕೆಂಬುದು ಅದರ ಚಾಲಕನಿಗೆ ಈಗ ಇನ್ನೂ ಚೆನ್ನಾಗಿ ಗೊತ್ತು.